ಗುಂಡಿಯ ಮೇಲೆ ‘ಕಿಕ್’ ಎಂದು ಬರೆದವರಿಗೆ

ಎಂಟನೆಯ ಪದರ, ಹಳೇ ಹುಬ್ಬಳ್ಳಿ
ಫಾಲ್ಗುಣದ ಮೂವತ್ತೊಂದನೆಯ ತಿಥಿ, 2317

ಶ್ರೀ ಫಕೀರೇಶ ಹಂಚಿನಮನಿ ಅವರಿಗೆ,

ನಿಮ್ಮ ಪಂಚಾಂಗದಲ್ಲಿ ಇಂಥ ತಿಥಿ ಇಲ್ಲವೆಂದು ಬಲ್ಲೆ. ಸೂರ್ಯನ ಲೆಕ್ಕಕ್ಕೂ ಚಂದ್ರನ ಲೆಕ್ಕಕ್ಕೂ ಹೊಂದಿಕೆ ಮಾಡಲು ಹೋಗಿ ನಮ್ಮ ಹಿರಿಯರು ಉಳಿಸಿದ ಹೆಚ್ಚುವರಿ ದಿನ ಇದು. ಇಂದು ಎಲ್ಲ ಕಚೇರಿಗಳೂ ಮುಚ್ಚಿರುತ್ತವೆ, ಹಿಮ್ಮುಖ ಅಂಚೆ ಮಾತ್ರ ತೆರೆದಿರುತ್ತದೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಕ್ಷಮೆ ಕೇಳುವುದು ಇದಕ್ಕಷ್ಟೇ.

ಹಿಮ್ಮುಖ ಅಂಚೆಯಲ್ಲಿ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆಯಲ್ಲಿ, ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ಹೆಚ್ಚಿನವರು ತೀರಿಕೊಂಡ ತಾಯಿಗೆ ಬರೆಯುತ್ತಾರೆ. ನನ್ನ ಅವ್ವನಿಗೆ ಹೇಳಬೇಕಾದದ್ದು ನನಗೂ ಇತ್ತು. ಆ ಕಾಗದವನ್ನು ನಿಮಗಾಗಿ ಕಳೆಯುತ್ತಿದ್ದೇನೆ. ನನ್ನ ಸಿಟ್ಟು ಎಷ್ಟೆಂಬುದನ್ನು ಇದರಿಂದಲೇ ತಿಳಿಯಿರಿ.

ನಮ್ಮ ಓಣಿಗಳು ಒಂದರ ಮೇಲೊಂದು ಪದರವಾಗಿ ನಿಂತಿವೆ. ತೊಗಲು ಸಿಗದ ಕಾಲವಿದು, ಆದ್ದರಿಂದ ಹಲಗಿ, ಡೊಳ್ಳು ಹೆಸರಿನಲ್ಲಷ್ಟೇ ಉಳಿದಿವೆ. ಅವುಗಳ ಬದಲಿಗೆ ಪ್ರತಿ ಓಣಿಗೂ ಒಂದು ತಾಳಪೆಟ್ಟಿಗೆ ಇರುತ್ತದೆ. ನೀವು ಡ್ರಮ್ ಮಷೀನ್ ಎನ್ನುತ್ತಿದ್ದಿರಿ. ಮದುವೆಗೆ, ಹೆಣದ ಮೆರವಣಿಗೆಗೆ, ಹೋಳಿಗೆ ಅದೇ ನುಡಿಯಬೇಕು. ಪೆಟ್ಟಿಗೆಯ ಮುಂದೆ ನಡುಗುಹಲಗೆ ಹಾಸಿರುತ್ತಾರೆ. ತಳದ ಶಬ್ದ, ಅಂದರೆ ತೀರ ಕೆಳಸ್ವರದ ಶಬ್ದ, ಬಂದಾಗ ಅದುರುವ ಮರದ ಹಲಗೆ ಅದು. ಕಿವಿ ಕೇಳದವರು ಅದರ ಮೇಲೆ ಬರಿಗಾಲಲ್ಲಿ ನಿಲ್ಲುತ್ತಾರೆ. ನನ್ನ ಮಗಳು ನೀಲವ್ವ ಹುಟ್ಟಿನಿಂದ ಕಿವುಡಿ. ನಮ್ಮ ಓಣಿಯ ಪೆಟ್ಟಿಗೆ ನುಡಿಸುವವಳು ಅವಳೇ.

ಹಳೆಯ ಪೆಟ್ಟಿಗೆ ಕೆಟ್ಟಾಗ ಹೊಸದನ್ನು ಆರಿಸಲು ಅವಳನ್ನೇ ಕರೆದೊಯ್ದೆವು. ಅಂಗಡಿಯವನು ಮೊದಲು ತೋರಿಸಿದ್ದು ಹಿಂದೆಂದೋ ಧ್ವನಿಮುದ್ರಿಸಿ ಕೂಡಿಟ್ಟ ಶಬ್ದಗಳ ಪೆಟ್ಟಿಗೆ. ಅದರಲ್ಲಿ ಸಾವಿರಾರು ಶಬ್ದಗಳಿದ್ದವು, ಎಲ್ಲವೂ ನಿಮ್ಮ ಕಾಲದವು, ಎಲ್ಲವೂ ಕಿವಿಯೊಳಗೆ ಸಿಕ್ಕಿಸಿಕೊಳ್ಳುವ ಪುಟ್ಟ ಯಂತ್ರಗಳಿಗಾಗಿ ತಳ ಕತ್ತರಿಸಿದಂಥವು. ನೀಲವ್ವ ಹಲಗೆಯ ಮೇಲೆ ಕಾಲಿಟ್ಟು ಒಂದೊಂದನ್ನೂ ಒತ್ತಿ ನೋಡಿದಳು. ಕೊನೆಗೆ ಕೈಸನ್ನೆಯಲ್ಲಿ, ಇದರೊಳಗೆ ಯಾರೂ ಇಲ್ಲ, ಎಂದಳು.

ಎರಡನೆಯದು ಶಬ್ದವನ್ನು ತಾನೇ ಹುಟ್ಟಿಸುವ ಪೆಟ್ಟಿಗೆ. ಅದರಲ್ಲಿ ತಳದ ಹೊಡೆತವನ್ನು ನಾವೇ ಕಟ್ಟಬೇಕು. ಮೊದಲು ‘ತುದಿ’, ಅಂದರೆ ಬೆರಳ ಗೆಣ್ಣು ಬಾಗಿಲಿಗೆ ತಾಗಿದಂಥ ಸಣ್ಣ ಟಕ್. ಆಮೇಲೆ ಮೇಲಿನ ಸ್ವರದಿಂದ ಕೆಳಕ್ಕೆ ಕಣ್ಣು ಮಿಟುಕಿಸುವಷ್ಟರಲ್ಲಿ ಜಾರುವ ಒಂದು ನಯವಾದ ಅಲೆ. ಕೊನೆಗೆ ‘ಬಾಲ’, ಆ ಅಲೆ ತಳದಲ್ಲಿ ಎಷ್ಟು ಹೊತ್ತು ನಿಲ್ಲಬೇಕೆಂಬ ಅಳತೆ. ನೀಲವ್ವ ತುದಿಯನ್ನು ಪೂರ್ತಿ ತೆಗೆದಳು. ಅದು ಕಿವಿ ಇದ್ದವರಿಗೆ. ಬಾಲವನ್ನು ಉದ್ದ ಮಾಡಿದಳು. ಸ್ವರ ಏರಿದರೆ ಹೊಡೆತ ಎದೆಗೂಡಿಗೆ ತಾಗುತ್ತದೆ, ಇಳಿದರೆ ಮೊಣಕಾಲಿನಲ್ಲೇ ಉಳಿಯುತ್ತದೆ. ಎರಡರ ನಡುವೆ, ಹೊಟ್ಟೆಯಲ್ಲಿ ನಿಲ್ಲುವ ಒಂದು ಜಾಗವನ್ನು ಹುಡುಕುತ್ತ ಅವಳು ಇಡೀ ಮಧ್ಯಾಹ್ನ ಅಲ್ಲೇ ನಿಂತಳು. ಸಿಕ್ಕಿದಾಗ ನಕ್ಕಳು. ಜೊತೆಗೆ ಬಂದಿದ್ದ ಪಕ್ಕದ ಮನೆಯ ಚನಬಸಜ್ಜ, “ಯವ್ವಾ, ಇದು ಡೊಳ್ಳೂ ಅಲ್ಲ, ಹಲಗೀನೂ ಅಲ್ಲ. ಆದ್ರ ನನ್ನ ಹಲ್ಲಿನ ಸೆಟ್ಟು ಕುಣ್ಯಾಕ ಹತ್ತೇತಿ ನೋಡ,” ಎಂದು ಬಾಯಿ ಹಿಡಿದುಕೊಂಡರು. ಆ ಪೆಟ್ಟಿಗೆಯನ್ನೇ ತಂದೆವು.

ಆ ಶಬ್ದ ಹುಟ್ಟುವ ಗುಂಡಿಯ ಮೇಲೆ ‘ಕಿಕ್’ ಎಂದು ಬರೆದಿತ್ತು.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಈ ಯಂತ್ರಗಳ ಬಗ್ಗೆ ಕನ್ನಡದಲ್ಲಿ ಉಳಿದು ಬಂದಿರುವ ಪಾಠ ನಿಮ್ಮ ವಿಡಿಯೊ ಒಂದೇ. ನಮ್ಮ ತಯಾರಕರು ಅದನ್ನು ನೋಡಿಯೇ ಪೆಟ್ಟಿಗೆ ಕಟ್ಟುತ್ತಾರೆ, ನೀವು ಗುಂಡಿಗಳಿಗೆ ಅಂಟಿಸಿದ ಚೀಟಿಗಳನ್ನೇ ಅಕ್ಷರ ಬಿಡದೆ ಕೆತ್ತುತ್ತಾರೆ. ಅದರಲ್ಲಿ ನೀವು ಬೇರೆಲ್ಲ ಶಬ್ದಗಳಿಗೂ ಕನ್ನಡದ ಹೆಸರಿಟ್ಟಿದ್ದೀರಿ. ಚಟ್ಟು, ಚಿಸ್ಸು, ಚಪ್ಪಾಳಿ. ಚೆನ್ನಾಗಿವೆ. ಮುಖ್ಯವಾದ ಗುಂಡಿಗೆ ಬಂದಾಗ ಮಾತ್ರ, “ಇದಕ್ಕ ಹೆಸರ ಬ್ಯಾಡ್ರಿ, ಕಿಕ್ ಅಂದ್ರ ಎಲ್ಲಾರ್ಗೂ ಗೊತ್ತೈತಿ,” ಎಂದು ಇಂಗ್ಲಿಷನ್ನೇ ಬರೆದು ಕೈತೊಳೆದುಕೊಂಡಿರಿ. ಅದು ಸಾಲದೆಂಬಂತೆ ಗೆಳೆಯನ ಕಡೆ ತಿರುಗಿ, “ಕಿಕ್ ಹ್ಯಾಂಗ ಇರಬೇಕಲೇ ದೋಸ್ತ? ತಲಿ ಗಿರ್ರ್ ಅನ್ನಬೇಕು! ಒಂದ ಹಾಕಿದ್ರ ಇಡೀ ಓಣಿ ತೂರ್ಯಾಡಬೇಕು!” ಎಂದಿರಿ. ಗೆಳೆಯ ನಕ್ಕ. ನೀವೂ ನಕ್ಕಿರಿ.

ನಮ್ಮಲ್ಲಿ ಇಂಗ್ಲಿಷ್ ಉಳಿದಿಲ್ಲ. ಕಿಕ್ ಎಂಬ ಮಾತು ಮಾತ್ರ ಉಳಿದಿದೆ, ಅದಕ್ಕಿರುವುದು ಒಂದೇ ಅರ್ಥ: ಕುಡಿದವನ ತಲೆಗೆ ಏರುವಂಥದ್ದು. ಅಮಲು ನಿವಾರಣಾ ಇಲಾಖೆ ಎಂಬುದೊಂದು ನಮ್ಮಲ್ಲಿದೆ. ಹೋಳಿಯ ಮುನ್ನಾದಿನ ಅದರ ಅಧಿಕಾರಿ ಬಂದು ನಿಮ್ಮ ಪಾಠವನ್ನು ಗೋಡೆಯ ಮೇಲೆ ಹಾಕಿ ಓಣಿಗೆಲ್ಲ ತೋರಿಸಿದರು. ಹಾಕಬೇಕು, ಏರಿಸಬೇಕು, ಇಳಿಯಬಾರದು ಎಂದು ನಿಮ್ಮ ಬಾಯಿಂದಲೇ ಕೇಳಿಸಿದರು. ಇದು ಬೇರೆ ನುಡಿಯ ಮಾತು, ಕಾಲಿಂದ ಒದ್ದು ಬಾರಿಸುವ ದೊಡ್ಡ ವಾದ್ಯಕ್ಕೆ ಅವರು ಇಟ್ಟ ಹೆಸರು, ಕಿಕ್ ಎಂದರೆ ಒದೆ, ಎಂದು ಹಳೆಯ ನಿಘಂಟು ಹುಡುಕಿ ತಂದು ವಿವರಿಸಿದೆ. “ಒದಿಯೂದೂ ಅಪರಾಧನ ಐತ್ರಿ,” ಎಂದರು. ಹೆಸರು ಬದಲಿಸುತ್ತೇವೆ, ಬಿಟ್ಟುಬಿಡಿ, ಎಂದೆ. “ಸಾರಾಯಿ ಬಾಟ್ಲಿಗೆ ಹಾಲು ಅಂತ ಚೀಟಿ ಹಚ್ಚಿದ್ರ ಹಾಲಾಗತದೇನ್ರಿ, ಅಕ್ಕಾರ? ಕಂಡುಹಿಡಿದವರ ಇದಕ್ಕ ಕಿಕ್ ಅಂದಾರ,” ಎಂದು ಗುಂಡಿಗೆ ಅರಗಿನ ಮುದ್ರೆ ಒತ್ತಿ ಹೋದರು. ಅವರಿಗೆ ನೀವೇ ಕಂಡುಹಿಡಿದವರು.

ಮರುದಿನ ಹೋಳಿ. ಚಟ್ಟು, ಚಿಸ್ಸು, ಚಪ್ಪಾಳಿ ಮೂರೂ ನುಡಿದವು. ಜನ ಕುಣಿದರು; ಕಿವಿ ಇದ್ದವರಿಗೆ ಅಷ್ಟರಲ್ಲೂ ಕುಣಿಯಲು ಬರುತ್ತದೆ. ನೀಲವ್ವ ಹೊಸ ಸೀರೆಯುಟ್ಟು ನಡುಗುಹಲಗೆಯ ಮೇಲೆ ಬರಿಗಾಲಲ್ಲಿ ನಿಂತಿದ್ದಳು. ಹಲಗೆ ಬರೀ ಹಲಗೆಯಾಗಿತ್ತು. ಸುತ್ತಲಿನವರ ಕೈಕಾಲುಗಳನ್ನು ನೋಡಿ, ಆಮೇಲೆ ನನ್ನನ್ನು ನೋಡಿ, ಇನ್ನೂ ಶುರುವಾಗಿಲ್ಲವೇ ಎಂದು ಸನ್ನೆ ಮಾಡಿದಳು.

ಅವಳಿಗೆ ಏನು ಹೇಳಲಿ, ಹಂಚಿನಮನಿಯವರೇ? ಗುದ್ದು, ಗುಮ್ಮು, ದಿಮ್ಮು, ಅದುರು, ಇವೆಲ್ಲ ನಿಮ್ಮ ಬಾಯಲ್ಲೇ ಇದ್ದ ಮಾತುಗಳು. ಒಂದನ್ನು ಎತ್ತಿ ಬರೆಯಲು ನಿಮಗೆ ಎಷ್ಟು ಹೊತ್ತು ಬೇಕಿತ್ತು? ಎಲ್ಲರಿಗೂ ಗೊತ್ತಿದೆ ಎಂದಿರಿ. ನಿಮ್ಮ ‘ಎಲ್ಲರೂ’ ಸತ್ತುಹೋಗಿದ್ದಾರೆ. ಉಳಿದವರು ನಾವು, ನಮಗೆ ಗೊತ್ತಿರಲಿಲ್ಲ.

ನೀಲವ್ವ ಅದಕ್ಕೊಂದು ಹೆಸರಿಟ್ಟಿದ್ದಾಳೆ. ಮುಷ್ಟಿಯಿಂದ ಹೊಟ್ಟೆಯ ಮೇಲೆ ಒಂದು ಪೆಟ್ಟು, ಬಳಿಕ ಬಿಚ್ಚಿದ ಅಂಗೈ ನಿಧಾನವಾಗಿ ನೆಲದ ಕಡೆಗೆ. ಅದನ್ನು ಅಕ್ಷರದಲ್ಲಿ ಬರೆಯುವುದು ನನ್ನಿಂದಾಗದು. ನೀವು ಬರೆಯಿರಿ. ಈ ಕಾಗದ ನಿಮಗೆ ಮುಟ್ಟುವ ದಿನ ನೀವಿನ್ನೂ ಆ ಪಾಠ ಮಾಡಿರುವುದಿಲ್ಲ. ಅಂಚೆಯವರು ಅಷ್ಟರ ಮಟ್ಟಿಗೆ ಭರವಸೆ ಕೊಟ್ಟಿದ್ದಾರೆ. ಚೀಟಿ ನಿಮ್ಮ ಎದುರಿಗೇ ಇರುತ್ತದೆ, ಪೆನ್ನೂ ಇರುತ್ತದೆ. ಹೆಸರು ಬದಲಾದರೆ ಇಲ್ಲಿ ನನ್ನ ಎದುರಿಗಿರುವ ಪೆಟ್ಟಿಗೆಯಲ್ಲೂ ಬದಲಾಗುತ್ತದೆ, ಅರಗೂ ಇರುವುದಿಲ್ಲ.

ಪೆಟ್ಟಿಗೆಯ ಪಕ್ಕದಲ್ಲೇ ಕುಳಿತು ಇದನ್ನು ಬರೆಯುತ್ತಿದ್ದೇನೆ. ನೀಲವ್ವ ಚಪ್ಪಲಿ ಬಿಟ್ಟು ಹಲಗೆಯ ಮೇಲೆ ನಿಂತಿದ್ದಾಳೆ. ಇಬ್ಬರೂ ಆ ಗುಂಡಿಯನ್ನೇ ನೋಡುತ್ತಿದ್ದೇವೆ. ಈ ಸಾಲಿನವರೆಗೆ ಅದರ ಮೇಲೆ ಕಿಕ್ ಎಂದೇ ಇದೆ.

ಶಿವಗಂಗಾ
ನೀಲವ್ವನ ತಾಯಿ