ಕಲ್ಲೂರು ಮೀನಿನ ವಯಸ್ಸು

ವಡಾಲ
ಶುಕ್ರವಾರ, 14 ನವೆಂಬರ್ 2025

ಅಕ್ಷಯ,

ಹೆಸರಿನ ಹಿಂದೆ 'ಪ್ರಿಯ' ಎಂದು ಸೇರಿಸಬೇಕೋ ಬೇಡವೋ ಗೊತ್ತಾಗಲಿಲ್ಲ. ಬೇಕೆನಿಸಿದರೆ ನೀನೇ ಸೇರಿಸಿಕೊಂಡು ಓದು. ಫೋನ್ ಮಾಡಬಹುದಿತ್ತು. ಆದರೆ ಏಪ್ರಿಲ್‌ನಲ್ಲಿ ನೀನು ಬಟ್ಟೆಬರೆ ಕಟ್ಟಿಕೊಂಡು ನಿನ್ನ ಪಾಲುದಾರ ಮನೀಶನ ಬಾಂದ್ರಾ ಫ್ಲ್ಯಾಟಿಗೆ ಹೋದಂದಿನಿಂದ ನಮ್ಮ ಫೋನು ಎರಡನೇ ಮಾತಿಗೇ ಜಗಳಕ್ಕೆ ತಿರುಗುತ್ತದೆ. ಕಾಗದವಾದರೆ ನೀನು ಮಧ್ಯೆ ಬಾಯಿ ಹಾಕಲಾರೆ. ಇಬ್ಬರೂ ಒಂದೇ ಕನ್ನಡ ಶಾಲೆಯಲ್ಲಿ ಕಲಿತವರು, ಓದಲು ಬರುವುದಿಲ್ಲ ಎಂಬ ನೆಪವೂ ನಿನಗಿಲ್ಲ.

ವಿಷಯ ಇಷ್ಟೇ: ನಾನು ಗೆದ್ದೆ. ಮನೀಶ ಆಗಲೇ ಹೇಳಿರುತ್ತಾನೆ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಪೂರ್ತಿ ಕಥೆ ನನ್ನಿಂದಲೇ ಕೇಳು.

ಅಂಧೇರಿಯ ಮೀನು ಸಂಶೋಧನಾ ಕೇಂದ್ರದವರೂ ನನ್ನ ಸಾಫ್ಟ್‌ವೇರ್ ತುಂಡುಗಳ ಲೈಬ್ರರಿ ಬೇಡವೆಂದರೆ ಅದನ್ನು ಅಲ್ಲಿಗೇ ನಿಲ್ಲಿಸಿ, ಸದಾನಂದಣ್ಣನ ಮಾಟುಂಗಾ ಹೋಟೆಲಿನಲ್ಲಿ ಬಿಲ್ಲಿಂಗ್ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ ಎಂದು ಅಮ್ಮನಿಗೆ ಮಾತು ಕೊಟ್ಟಿದ್ದೆ. ಅಮ್ಮ ಅಣ್ಣನಿಗೆ ಹೇಳಿ ನನಗೊಂದು ಹೊಸ ಕುರ್ಚಿಯನ್ನೂ ತರಿಸಿಟ್ಟಿದ್ದಳು! ಮದುವೆಯಾದ ವರ್ಷ ನಾವಿಬ್ಬರೂ ಸೇರಿ ಶುರು ಮಾಡಿದ ಕೆಲಸ ಆ ಕುರ್ಚಿಯಲ್ಲಿ ಮುಗಿಯುತ್ತದಲ್ಲಾ ಎಂದು ಬೆಳಿಗ್ಗೆ ಅಂಧೇರಿ ಲೋಕಲ್‌ನಲ್ಲಿ ನನಗೆ ಅಳುವೇ ಬಂತು. ಪಕ್ಕದಲ್ಲಿ ಕೂತವಳು ಕರ್ಚೀಫ್ ಕೊಟ್ಟಳು.

ನಾವು ಯಾಕೆ ಬೇರೆಯಾದೆವು ಎಂಬುದು ಅಮ್ಮನಿಗೆ ಇವತ್ತಿಗೂ ಅರ್ಥವಾಗಿಲ್ಲ. ಹೆಣ್ಣೋ ಕುಡಿತವೋ ಎಂದು ಹುಡುಕುತ್ತಾಳೆ ಪಾಪ. ವಿಜ್ಞಾನಿಗಳು ತೆಗೆದ ಚಿತ್ರ ತೋರಿಸುವ ಸಾಫ್ಟ್‌ವೇರನ್ನು ಬಿಡಿಬಿಡಿ ತುಂಡುಗಳಾಗಿ ಕೊಡಬೇಕೋ, ಒಂದೇ ಗಂಟಾಗಿ ಕಟ್ಟಿ ಮಾರಬೇಕೋ ಎಂಬುದಕ್ಕೆ ಗಂಡ ಹೆಂಡತಿ ದೂರವಾದರು ಎಂದರೆ ಯಾರು ನಂಬುತ್ತಾರೆ? ಚಿತ್ರದ ಫೈಲು ತೆರೆಯುವುದಕ್ಕೆ ಒಂದು ತುಂಡು, ಹಿಗ್ಗಿಸಿ ಸರಿಸಿ ನೋಡುವುದಕ್ಕೆ ಒಂದು, ಬೆಳಕು ತಿದ್ದುವುದಕ್ಕೆ ಒಂದು, ಅಳೆಯುವುದಕ್ಕೆ ಇನ್ನೊಂದು. ಬೇಕಾದವರು ಬೇಕಾದ್ದನ್ನು ತಮ್ಮ ಪ್ರೋಗ್ರಾಮಿಗೆ ಸೇರಿಸಿಕೊಳ್ಳಲಿ ಎಂದೆ ನಾನು. ಇದೇನು ಸ್ಪೇರ್ ಪಾರ್ಟ್ ಅಂಗಡಿಯೇ ಎಂದು ನಕ್ಕೆ ನೀನು. ಆ ನಗು ನನಗೆ ಎಷ್ಟು ಚುಚ್ಚಿತೆಂದು ನಿನಗೆ ಗೊತ್ತಿಲ್ಲ.

ಇವತ್ತು ನಿಮ್ಮ ಗಂಟು, ನನ್ನ ತುಂಡು ಎರಡನ್ನೂ ಒಂದೇ ಕೋಣೆಯಲ್ಲಿ ಪರೀಕ್ಷೆ ಮಾಡಿದರು. ಪರೀಕ್ಷೆ ಮಾಡಿದವರು ಗುರುಬಾಯಿ ಮೇಡಂ, ವಿಜಯಪುರದ ಕಡೆಯವರು. ಸಮುದ್ರವೇ ಕಾಣದ ಊರಿನಿಂದ ಬಂದು ಇಲ್ಲಿ ಮೀನಿನ ವಯಸ್ಸು ಹೇಳುವವರು. ಮೀನಿನ ಕಿವಿಯೊಳಗೆ ಒಂದು ಪುಟ್ಟ ಕಲ್ಲಿರುತ್ತದಂತೆ. ಅದನ್ನು ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆದರೆ ಮರದ ಕಾಂಡದಲ್ಲಿರುವ ಹಾಗೆ ವರ್ಷಕ್ಕೊಂದು ಬಳೆ ಕಾಣುತ್ತದೆ. ಎಣಿಸಿದರೆ ವಯಸ್ಸು ಸಿಕ್ಕಿತು. ಅವರು ಕೊಟ್ಟದ್ದು ಕಲ್ಲೂರು ಎಂಬ ಜಾತಿಯ ಒಂದು ಮೀನಿನ ಕಲ್ಲಿನ ಚಿತ್ರ.

ನೀನು ಬರುತ್ತೀಯ ಎಂದುಕೊಂಡಿದ್ದೆ. ಮನೀಶ ಒಬ್ಬನೇ ಬಂದ. ನಿಮ್ಮ ಸಾಫ್ಟ್‌ವೇರ್ ತೆರೆದದ್ದೇ ಪರದೆ ತುಂಬ ಫಳಫಳ. ನಿಜ ಹೇಳುತ್ತೇನೆ, ನನ್ನ ಹೊಟ್ಟೆ ಉರಿಯಿತು. ಮನೀಶ ಠೀವಿಯಿಂದ ಬಳೆ ಎಣಿಸಿ, ಒಂಬತ್ತು ವರ್ಷ ಎಂದ. ಗುರುಬಾಯಿ ಮೇಡಂ ಕನ್ನಡಕ ತೆಗೆದರು. "ಈ ಮೀನನ್ನ ನಾನ ತೊಟ್ಟ್ಯಾಗ ಸಾಕೀನ್ರಿ. ಇದಕ ಮೂರ ವರ್ಷ. ಉಳಿದ ಆರು ವರ್ಷ ಎಲ್ಲಿತ್ರಿ ಇದು, ನಿಮ್ಮ ಮನ್ಯಾಗೇನು?"

ಎಲ್ಲರೂ ನಕ್ಕರು. ನಾನಂತೂ ಜೋರಾಗಿಯೇ ನಕ್ಕೆ. ಆಮೇಲೆ ನನ್ನ ಸರದಿ ಬಂತು. ಬಳೆ ಎಣಿಸಿದೆ. ಒಂಬತ್ತು!

ಅಣ್ಣನ ಹೋಟೆಲಿನ ಕುರ್ಚಿ ಕಣ್ಣ ಮುಂದೆ ಬಂತು. ಆಮೇಲೆ ಹೊಳೆಯಿತು, ನನ್ನ ಬೆಳಕಿನ ತುಂಡು ನೀನು ಬರೆದದ್ದೇ ಅಲ್ಲವೇ? ಗೆರೆಗಳು ಚೂಪಾಗಿ ಕಾಣಲಿ ಎಂದು ನೀನು ಹಾಕಿದ ತಿದ್ದುಪಡಿ, ಒಂದೊಂದು ನಿಜವಾದ ಬಳೆಯ ಅಕ್ಕಪಕ್ಕ ಎರಡೆರಡು ಸುಳ್ಳು ಬಳೆ ಮೂಡಿಸುತ್ತಿತ್ತು. ನಿಮ್ಮ ಗಂಟಿನಲ್ಲೂ ಅದೇ, ನನ್ನಲ್ಲೂ ಅದೇ. ನೀನು ಹೋದ ಮೇಲೂ ಅದನ್ನು ಯಾಕೆ ಬದಲಿಸಿರಲಿಲ್ಲ ಎಂದು ಕೇಳಬೇಡ. ಪುರುಸೊತ್ತಾಗಿರಲಿಲ್ಲ.

ಹೀಗೆಂದು ಹೇಳಿದಾಗ, ಇಬ್ಬರೂ ಆ ತಿದ್ದುಪಡಿ ತೆಗೆದು ತೋರಿಸಿ ಎಂದರು ಮೇಡಂ. ಮನೀಶ ಎಲ್ಲೆಲ್ಲೋ ಹುಡುಕಿದ. ನಿನಗೆ ಫೋನ್ ಮಾಡಿದ, ನೀನು ಎತ್ತಲಿಲ್ಲ. ಕೊನೆಗೆ, ಎಲ್ಲವೂ ಒಂದರೊಳಗೊಂದು ಬೆಸೆದುಕೊಂಡಿದೆ, ಮತ್ತೆ ಕಟ್ಟಿ ತರಬೇಕು, ತಿಂಗಳಾದರೂ ಬೇಕು ಎಂದ. ನೆಗಡಿ ಬಂದರೆ ಮೂಗನ್ನೇ ಕೊಯ್ಯಬೇಕಾದ ಸಾಫ್ಟ್‌ವೇರ್ ನಿಮ್ಮದು. ನಾನು ನಿನ್ನ ತುಂಡನ್ನು ಸೇರಿಸಿಕೊಂಡಿದ್ದ ಒಂದು ಸಾಲು ಅಳಿಸಿದೆ. ಅಷ್ಟೇ. ಚಿತ್ರ ಮತ್ತೆ ತೆರೆಯಿತು, ಹಿಗ್ಗಿತು, ಸರಿಯಿತು, ಅಳತೆಯೂ ಸರಿ ಬಂತು. ಬಣ್ಣ ಮಂಕು, ಆದರೆ ಬಳೆ ಮೂರೇ ಮೂರು. ಗುರುಬಾಯಿ ಮೇಡಂ ಮೇಜು ಕುಟ್ಟಿ, "ಹಾಂ! ಇದಽ ನನ್ನ ಮೀನು" ಎಂದರು.

ಕೇಂದ್ರದ ಮುಖ್ಯಸ್ಥರಿಗೆ ಮಾತ್ರ ಬಿಡಿ ತುಂಡುಗಳೆಂದರೆ ಏನೋ ಕೊರತೆ ಅನಿಸಿತು. ಸಾಹೇಬರೇ, ನಮ್ಮ ಹೋಟೆಲಿಗೆ ಬಂದು ಬರೀ ಇಡ್ಲಿ ಕೇಳಿದರೆ ಇಡ್ಲಿ ಕೊಡುತ್ತೇವೆ, ಪೂರ್ತಿ ಊಟದ ತಟ್ಟೆ ತಗೊಳ್ಳಲೇಬೇಕು ಅನ್ನುವುದಿಲ್ಲ ಎಂದು ನನ್ನ ಹರುಕು ಮರಾಠಿಯಲ್ಲಿ ಹೇಳಿದೆ. ಅವರಿಗೆ ನಗು ಬಂತು. ಇನ್ನು ಮುಂದೆ ಅವರ ಎಲ್ಲ ಕೇಂದ್ರಗಳಲ್ಲೂ ನಮ್ಮ ಲೈಬ್ರರಿಯೇ, ಅದನ್ನು ನೋಡಿಕೊಳ್ಳುವ ಕೆಲಸವೂ ನನ್ನದೇ. ನಮ್ಮ ಎಂದು ಬರೆದೆನೇ? ಇರಲಿ, ಹೊಡೆದು ಹಾಕುವುದಿಲ್ಲ.

ಸ್ಟೇಷನ್‌ನಿಂದಲೇ ಅಮ್ಮನಿಗೆ ಹೇಳಿದೆ. ಆ ಕುರ್ಚಿಯಲ್ಲಿ ಇನ್ನು ಸದಾನಂದನೇ ಕೂರಲಿ, ಹೇಗೂ ಅವನಿಗೆ ಸೊಂಟ ನೋವು ಎಂದಳು. ನನಗೆ ಇಷ್ಟು ಸಂತೋಷ ಎಷ್ಟೋ ಕಾಲದಿಂದ ಆಗಿರಲಿಲ್ಲ. ಸ್ವಲ್ಪ ಜಂಭವೂ ಬಂದಿದೆ, ಸಹಿಸಿಕೋ.

ಸ್ಪೇರ್ ಪಾರ್ಟ್ ಅಂಗಡಿಯ ಮಾಲಕಿ,
ವಿಜೇತಾ

ತಾ.ಕ.: ಒಂದು ವಿಷಯ ಮೇಲೆ ಬರೆಯದೆ ಬಿಟ್ಟೆ. ಮಂಕು ಚಿತ್ರ ದಿನವಿಡೀ ನೋಡಿದರೆ ಕಣ್ಣು ಹೋಗುತ್ತದೆ, ಬೆಳಕಿನ ತುಂಡನ್ನು ಸುಳ್ಳು ಹೇಳದ ಹಾಗೆ ಹೊಸದಾಗಿ ಬರೆಯುವವರು ಯಾರಾದರೂ ಇದ್ದಾರೆಯೇ ಎಂದು ಗುರುಬಾಯಿ ಮೇಡಂ ಕೇಳಿದರು. ನಿನ್ನ ಹೆಸರು ಹೇಳಿದೆ. "ಯಾರವ್ವಾ ಅಂವ?" ಎಂದರು. ನನ್ನ ಗಂಡ ಎಂದೆ, ಮನೀಶನ ಎದುರಿಗೇ. ಏಪ್ರಿಲ್‌ನಿಂದ ಈಚೆಗೆ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ನಿನ್ನ ತುಂಡು ತೆಗೆದರೂ ಉಳಿದದ್ದೆಲ್ಲ ಬೀಳದೆ ನಿಲ್ಲುತ್ತದೆ ಎಂದು ಇವತ್ತು ಕಣ್ಣಾರೆ ನೋಡಿದೆ. ಮನೆಯೂ ನಿಂತಿದೆ, ನಾನೂ ನಿಂತಿದ್ದೇನೆ. ಹಾಗಾಗಿ ನೀನಿಲ್ಲದೆ ಆಗುವುದಿಲ್ಲವೆಂದು ಕರೆಯುತ್ತಿಲ್ಲ. ನೀನು ಬೇಕು, ಅದಕ್ಕೇ ಕರೆಯುತ್ತಿದ್ದೇನೆ. ಭಾನುವಾರ ಬಾ.