ಅಮ್ಮ ಹಿಡಿಯುತ್ತಿದ್ದ ಬಲೆ

ಅಪ್ಪ,

ದೋಣಿಗೆ ಪೆಟ್ರೋಲ್ ಹಾಕಿಸಲು ಬಂದರಿಗೆ ಹೊರಟಿದ್ದೇನೆ. ಓಟ್ಸ್ ಗಂಜಿ ಒಲೆಯ ಮೇಲಿದೆ, ನಿನ್ನೆಯ ಊಟದ ಹಾಗೆ ಮುಟ್ಟದೆ ಬಿಡಬೇಡ.

ನಿನ್ನೆ ಮೀನು ಹಿಡಿಯುವ ಪಂದ್ಯದ ಮೊದಲ ದಿನವೇ ಅಷ್ಟು ದೊಡ್ಡ ಸಾಲ್ಮನ್ ಗಾಳಕ್ಕೆ ಬಿತ್ತು. ಅದು ದೋಣಿಯ ಪಕ್ಕಕ್ಕೆ ಬಂದಾಗ ನೀನು ಅಮ್ಮನ ಹೆಸರು ಹಿಡಿದು, "ವರ್ನಾ, ಬಲೆ ತಾರೇ" ಎಂದು ಕೂಗಿದೆ. ಅಮ್ಮ ತೀರಿಕೊಂಡು ಐದು ತಿಂಗಳಾಯಿತು. ಮೀನೆತ್ತುವ ಬಲೆ ನನ್ನ ಕೈಯಲ್ಲೇ ಇತ್ತು, ಆದರೆ ಕೈ ಏಳಲಿಲ್ಲ. ಮೀನು ಕೊಸರಿಕೊಂಡು ಮಿಶಿಗನ್ ಸರೋವರದ ಪಾಲಾಯಿತು.

"ನನ್ನಿಂದಲೇ ತಪ್ಪಿಹೋಯ್ತು, ನಾಳೆ ನಾನು ಬರಲ್ಲ ಕಣೇ" ಅಂದೆಯಲ್ಲ, ತಪ್ಪಿದ್ದು ನನ್ನಿಂದ. ಇಪ್ಪತ್ತೆರಡು ವರ್ಷ ಜೊತೆಗೆ ಮೀನು ಹಿಡಿದವಳ ಹೆಸರು ಬಾಯಿಗೆ ಬರದೆ ಇನ್ಯಾರದು ಬರಬೇಕು?

ಆರು ಗಂಟೆಗೆ ದೋಣಿ ಬಿಡಬೇಕು, ಬಾ. ಅಮ್ಮನನ್ನೇ ಕರೆ, ನಾನು ಓಗೊಡುತ್ತೇನೆ.

ಮಾರ್ಲಿಸ್