ಡಿಸೆಂಬರ್ ನನ್ನದು

ಜೂನ್ 3, ಬೆಳಗ್ಗೆ 7

ರೌಂಡ್ಸಿಗೆ ಇನ್ನೂ ಅರ್ಧ ಗಂಟೆ. ಚಹಾ ಆಗಲೇ ಆರಿಹೋಗಿದೆ. ನೋಟಿಸ್ ಬೋರ್ಡಿನ ಮುಂದೆ ಸಂತೆ. ಡಿಸೆಂಬರ್‌ವರೆಗಿನ ಪೋಸ್ಟಿಂಗ್ ಪಟ್ಟಿ ಖಾಲಿಯಾಗಿ ನೇತಾಡ್ತಿದೆ. ಯಾವ ತಿಂಗಳು ಯಾವ ವಿಭಾಗ ಬೇಕು, ಶುಕ್ರವಾರ ಚೀಫ್ ರೆಸಿಡೆಂಟ್‌ಗೆ ಹೇಳಬೇಕು. ನಮಗಿಂತ ಒಂದೇ ವರ್ಷ ದೊಡ್ಡವನು, ಗತ್ತು ಮಾತ್ರ ಡೀನ್‌ದು.

ಎಲ್ಲರ ಕಣ್ಣೂ ಡಿಸೆಂಬರಿನ ಸ್ಕಿನ್ ಓಪಿಡಿ ಮೇಲೆ. ಒಂಬತ್ತಕ್ಕೆ ಹೋಗು, ನಾಲ್ಕಕ್ಕೆ ಬಾ. ಅಲ್ಲಿದ್ದರೆ ಹತ್ತು ದಿನ ರಜೆಯೂ ಸಿಗುತ್ತೆ. ಐಸಿಯು, ಎಮರ್ಜೆನ್ಸಿಯಲ್ಲಿದ್ದು ರಜೆ ಅಂತ ಬಾಯಿ ಬಿಡೋ ಹಾಗಿಲ್ಲ.

ನನಗದು ಬೇಕೇ ಬೇಕು. ಡಿಸೆಂಬರ್ 21ಕ್ಕೆ ಮಗಳು ಪುಟ್ಟಿಗೆ ಶಾಲೆ ರಜೆ ಶುರು. ಇವರಿಗೂ ಅದೇ ಹತ್ತು ದಿನ ಮಂಜೂರಾಗಿದೆ, ರೈಲು ಓಡಿಸುವವರಿಗೆ ಹಾಗೆ ಸಿಗೋದೇ ದೊಡ್ಡದು. ಅವಳು ಅತ್ತೆ ಹತ್ತಿರ, ನಾನು ಹಾಸ್ಟೆಲಿನಲ್ಲಿ, ಇವರು ಇಂಜಿನ್ನಿನಲ್ಲಿ. ಮೂವರೂ ಒಟ್ಟಿಗೆ ಎರಡು ದಿನ ಕಳೆದು ಮೂರು ವರ್ಷವಾಯ್ತು. ಅವಳಿಗೆ ಐದು.

ಜೂನ್ 6

ಚೀಫ್ ಷರತ್ತು ಹಾಕಿದ. ಎಮರ್ಜೆನ್ಸಿ ಎರಡು ಸಲ ಮಾಡ್ತೀನಿ ಅನ್ನೋರಿಗೆ ಮೊದಲ ಆಯ್ಕೆ. ಎಲ್ಲರೂ ಅವರವರ ಚಪ್ಪಲಿ ನೋಡಿಕೊಂಡರು. ನಾನು ಕೈ ಎತ್ತಿದೆ. ಜುಲೈ, ಆಗಸ್ಟ್ — ಬೆನ್ನಿಗೆ ಬೆನ್ನು.

ರೂಮ್‌ಮೇಟ್ ಕನ್ನಡಕ (ಅವಳನ್ನ ಯಾರೂ ಹೆಸರು ಹಿಡಿದು ಕರೆಯಲ್ಲ) ದಾರಿಯುದ್ದಕ್ಕೂ ಬೈದಳು. ಡಿಸೆಂಬರಿನಲ್ಲಿ ಐಸಿಯು ನೋಡಿಕೊಳ್ಳೋದು ಖುದ್ದು ಹೆಡ್ ಮೇಡಂ. ಅವರ ಕೈಕೆಳಗೆ ದುಡಿದವರಿಗೇ ಅವರ ಶಿಫಾರಸು ಪತ್ರ. ಅದನ್ನ ಬಿಟ್ಟು ತುರಿಕೆ, ಗಜಕರ್ಣ ನೋಡಲಿಕ್ಕೆ ಹೋಗ್ತೀಯಾ ಅಂದಳು.

ಹೋಗ್ತೀನಿ. ಸಂತೋಷವಾಗಿ.

ಜುಲೈ 20

ಕೂತು ಊಟ ಮಾಡಿದೆ. ದಾಖಲಾಗಲಿ ಅಂತ ಬರೆದಿಟ್ಟಿದ್ದೇನೆ.

ಸೆಪ್ಟೆಂಬರ್ 1

ಮುಗಿಯಿತು. ಆರು ಕೆಜಿ ಇಳಿದಿದ್ದೇನೆ. ಬದುಕಿದ್ದೇನೆ.

ಸಂಜೆ ಪುಟ್ಟಿ ಜೊತೆ ಫೋನ್. ಡಿಸೆಂಬರಿಗೆ ಬರ್ತೀನಿ ಅಂದೆ. ಸ್ವಲ್ಪ ಯೋಚನೆ ಮಾಡಿ ಕೇಳಿದಳು — "ನಿಜವಾಗ್ಲೂ ಬರ್ತೀಯಾ? ಇಲ್ಲಾ ಸೂಜಿ ನೋಯಲ್ಲ ಅಂತೀಯಲ್ಲ, ಹಂಗಾ?"

ಹಿಂದೆ ಅತ್ತೆ ನಗ್ತಿದ್ದರು.

ನವೆಂಬರ್ 25, ಮಧ್ಯಾಹ್ನ

ಡಿಸೆಂಬರಿನಲ್ಲಿ ಐಸಿಯು ಮಾಡಬೇಕಿದ್ದ ಉದ್ದಣ್ಣ ಬೈಕಿಂದ ಬಿದ್ದು ಕಾಲು ಮುರಿದುಕೊಂಡ. ಪಾಪ, ಮೂರು ತಿಂಗಳು ಮಂಚವೇ ಗತಿ. ಅವನನ್ನ ನೋಡಿಕೊಂಡು ವಾಪಸ್ ಬರೋಷ್ಟರಲ್ಲಿ ಪಟ್ಟಿಯಲ್ಲಿ ಅವನ ಜಾಗಕ್ಕೆ ನನ್ನ ಹೆಸರು. ಕೇಳಿಲ್ಲ, ಹೇಳಿಲ್ಲ. ಚೀಫ್‌ನ ಹಿಡಿದರೆ ಮೇಡಂ ಕಡೆ ಬೆರಳು ತೋರಿಸಿದ.

ಮೈಯೆಲ್ಲ ಉರೀತಿದೆ. ನಾಳೆ ಹೋಗ್ತೀನಿ.

ನವೆಂಬರ್ 26

ಮೇಡಂ ರೂಮಿನಲ್ಲಿ ಹದಿನೈದು ನಿಮಿಷ. ಕೂರು ಅನ್ನಲಿಲ್ಲ. ನಿಂತೇ ಹೇಳಿದೆ. ಎರಡು ತಿಂಗಳ ಎಮರ್ಜೆನ್ಸಿ ಮಾಡಿ ಪಡೆದ ರಜೆ ಇದು. ಐಸಿಯುನ ನಾವು ಐದು ಜನ ಸರದಿ ಮೇಲೆ ಮಾಡ್ತೀವಿ, 20ರವರೆಗೆ ನನ್ನ ಪಾಲಿಗೆ ಎರಡರಷ್ಟು ಹಾಕಿ, ಆಮೇಲೆ ಉಳಿದ ನಾಲ್ವರು. ಅವರನ್ನ ಒಪ್ಪಿಸಿದ್ದೇನೆ. ಚಾರ್ಟನ್ನ ಮೇಜಿನ ಮೇಲಿಟ್ಟೆ.

ಚಾರ್ಟು ನೋಡಲೇ ಇಲ್ಲ ಅವರು. ತಾವು ಹೇಗೆ ದುಡಿದೆವು ಅಂತ ಹೇಳಿದರು. ಆಮೇಲೆ, ಮೆತ್ತಗೆ —

"ನನ್ನ ಮಗ ನಾನು ಹತ್ರ ಇಲ್ದೇನೇ ಬೆಳೆದ. ಚೆನ್ನಾಗೇ ಬೆಳೆದ. ನಿನ್ನ ಮಗಳೂ ಬೆಳೀತಾಳೆ."

"ಬೆಳೀತಾಳೆ ಮೇಡಂ. ಬೆಳೆಯೋದನ್ನ ನಾನು ನೋಡಬೇಕು."

ಯಾಕೋ ಕಿಟಕಿ ಕಡೆ ತಿರುಗಿದರು. ರಜೆ ಅರ್ಜಿ ಬರೆದುಕೊಟ್ಟು ಹೋಗು ಅಂದರು. ಅಲ್ಲೇ ಅವರ ಪೆನ್ನಿನಲ್ಲೇ ಬರೆದುಕೊಟ್ಟೆ. ಅಕ್ಷರ ನೆಟ್ಟಗಿತ್ತು.

ನವೆಂಬರ್ 29

ರಜೆ ಮಂಜೂರು. ಅದೇ ಲಕೋಟೆಯಲ್ಲಿ ಇನ್ನೊಂದು ಹಾಳೆ — ಮೇಡಂ ಜೊತೆ ನಾನು ಒಂದೂವರೆ ವರ್ಷ ಮಾಡಿದ ಸಂಶೋಧನೆಯಿಂದ ನನ್ನ ಹೆಸರು ತೆಗೆದಿದ್ದಾರೆ. ಶಿಫಾರಸು ಪತ್ರದ ಆಸೆಯೂ ಮುಗೀತು ಅಂತ ಲೆಕ್ಕ.

ಸುಳ್ಳು ಯಾಕೆ, ಅತ್ತುಬಿಟ್ಟೆ. ಕನ್ನಡಕ ಹೋಗಿ ಕ್ಷಮೆ ಕೇಳು ಅಂದಳು, ಇನ್ನೂ ಕಾಲ ಮಿಂಚಿಲ್ಲ ಅಂದಳು.

ಯಾವ ತಪ್ಪಿಗೆ? ಹೆತ್ತಿದ್ದಕ್ಕಾ?

ಡಿಸೆಂಬರ್ 21

ಬಂದೆ. ಪುಟ್ಟಿ ಬಾಗಿಲ ಹಿಂದೆ ನಿಂತು ನೋಡಿದಳು, ನೆಂಟರನ್ನ ನೋಡೋ ಹಾಗೆ. ಅತ್ತೆ "ಅಮ್ಮ ಬಂದಳು ನೋಡು" ಅಂದ ಮೇಲೂ ಅವರ ಸೆರಗು ಬಿಡಲಿಲ್ಲ. ಇರಲಿ. ಹತ್ತು ದಿನ ಇದೆ. ನಾನು ಎಲ್ಲಿಗೂ ಹೋಗೋದಿಲ್ಲ.

ಡಿಸೆಂಬರ್ 25, ಬೆಳಗ್ಗೆ

ಒಂದೇ ದಿನ ಎರಡು ಫೋನು.

ಮೊದಲು ಚೀಫ್. ವಾರ್ಡು ತುಂಬಿದೆ, ಎರಡು ದಿನ ಮೊದಲೇ ಬರಕ್ಕಾಗುತ್ತಾ. ಅವನ ದನಿ ಬಳಲಿತ್ತು, ಕೇಳಿ ಸಂಕಟವಾಯ್ತು. ಆದರೂ ಇಲ್ಲ ಅಂದೆ. ಕಾರಣ ಕೊಡಲಿಲ್ಲ. ರಜೆಯೇ ಕಾರಣ.

ಆಮೇಲೆ ಇವರಿಗೆ. ಇಬ್ಬರು ಡ್ರೈವರುಗಳಿಗೆ ಜ್ವರವಂತೆ, 27ಕ್ಕೆ ಹಾಜರಾಗಿ ಅಂತ. ಇವರು ಫೋನ್ ಕಿವಿಗಿಟ್ಟವರೇ ಎದ್ದು ನಿಂತು "ಆಯ್ತು ಸರ್" ಅಂದರು. ಹನ್ನೊಂದು ವರ್ಷದ ಅಭ್ಯಾಸ.

ನಾನು ಬಟ್ಟೆ ಮಡಚ್ತಾ ಇದ್ದೆ. ಮಡಚೋದು ನಿಲ್ಲಿಸಲಿಲ್ಲ.

"ರೈಲು ಓಡಬೇಕಲ್ವೇ" ಅಂದರು.

"ಆಸ್ಪತ್ರೆನೂ ಓಡಬೇಕು ಕಣ್ರೀ. ನಾನು ಇಲ್ಲ ಅಂದೆ."

ಇವರು ಅಂಗಳಕ್ಕೆ ಹೋಗಿ ನಲ್ಲಿ ರಿಪೇರಿ ಮಾಡ್ತಾ ಕೂತರು, ಕೆಟ್ಟಿರದ ನಲ್ಲಿನ. ಅತ್ತೆ ನನ್ನ ಮುಖ ನೋಡಿದರು. ಮಗನ ಪರ ವಹಿಸ್ತಾರೆ ಅಂದುಕೊಂಡೆ. "ಅವನಪ್ಪನೂ ಹಂಗೇ. ಕರೆದರೆ ಸಾಕು, ಓಡೋದು. ನಾನು ಒಂದು ಸಲವೂ ಹೇಳಲಿಲ್ಲ, ನೀನು ಹೇಳಿದ್ದು ಸರಿ" ಅಂದುಬಿಟ್ಟರು.

ಸಂಜೆ

ಇವರು ವಾಪಸ್ ಫೋನ್ ಮಾಡಿದರು. ರಜೆ ಮಂಜೂರಾಗಿದೆ ಸರ್, 31ಕ್ಕೆ ಬರ್ತೀನಿ, ಬೇರೆ ಯಾರನ್ನಾದರೂ ನೋಡಿ — ಅಷ್ಟೇ. ಆ ಕಡೆಯವರು ಜೋರು ಮಾಡಿದ್ದು ನನಗೂ ಕೇಳಿಸ್ತು. ಮೆಮೊ ಬರುತ್ತಂತೆ. ಬರಲಿ. ಮೇಡಂ ನನಗೆ ಕಳಿಸಿದ ಹಾಳೆಯ ಪಕ್ಕ ಇಡೋಣ.

ಫೋನ್ ಇಟ್ಟ ಮೇಲೆ ಇವರು ಎಡಗೈಯಲ್ಲಿ ಬೆವರು ಒರೆಸಿಕೊಂಡು ನಕ್ಕರು. ಎಷ್ಟು ಚೆಂದ ಕಂಡರು ಅಂತ ಇಲ್ಲಿ ಬರೆಯಲ್ಲ.

ಡಿಸೆಂಬರ್ 28, ಬೆಳಗ್ಗೆ 10

ಬಚ್ಚಲುಮನೆ ಬಾಗಿಲ ಹೊರಗೆ ಮಣೆ ಹಾಕಿಕೊಂಡು ಕೂತಿದ್ದೇನೆ. ಇವತ್ತು ಪುಟ್ಟಿ ತಾನೇ ತಲೆಗೆ ಸ್ನಾನ ಮಾಡ್ತಾಳಂತೆ, ಮೊದಲ ಸಲ. ಅಜ್ಜಿ ಬೇಡ, ಅಪ್ಪ ಬೇಡ. ಅಮ್ಮ ಹೊರಗೆ ಕೂತಿರಲಿ, ಒಳಗೆ ಬರಕೂಡದು. ಅಪ್ಪಣೆ. ಇವರು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ತಾ ಹಾಡ್ತಿದ್ದಾರೆ, ರಾಗ ಕೇಳಬಾರದು.

ಒಳಗೆ ಚೊಂಬು ಬಿತ್ತು. ಎದ್ದು ನಿಂತೆ. "ಏನೂ ಆಗಿಲ್ಲ" ಅಂದಳು. ಕೂತೆ.

ಸಂಶೋಧನೆಯ ವಿಷಯ ಬರೆಯೋಣ ಅಂತ ಪುಸ್ತಕ ತೆಗೆದಿದ್ದು. ಬೇರೆ ಗೈಡ್ ಹುಡುಕಬೇಕು, ಜನವರಿಯಲ್ಲಿ ಮೊದಲ ಕೆಲಸ ಅದೇ. ಹೊಸದಾಗಿ ಶುರು ಮಾಡ್ತೀನಿ. ಒಂದು ವರ್ಷ ಹೆಚ್ಚು ಹಿಡೀಲಿ, ಅದೇನು —

ಕಣ್ಣಿಗೆ ಸೋಪು ಹೋಯ್ತಂತೆ. ಚಿಲಕ ತೆಗೀತಿದ್ದಾಳೆ. ಟವೆಲ್ ಎಲ್ಲಿಟ್ಟೆ ನಾ